ಗ್ಯಾಸ್ ಬಂತು, ಪುಟ್ಟ ಹೋದ!

"ಇನ್ನು ಮೇಲೆ ಈ ಮನೆಯಲ್ಲಿ ಕರೆಂಟಿನ ಆಟ ನಡೆಯುವುದಿಲ್ಲ!"

ಹೀಗೆಂದು ನಾನು ಘೋಷಿಸಿದ್ದು ಅಡುಗೆಮನೆಯ ಕತ್ತಲಲ್ಲಿ. ಒಂದು ಕೈಯಲ್ಲಿ ಮೇಣದ ಬತ್ತಿ, ಇನ್ನೊಂದು ಕೈಯಲ್ಲಿ ಚಪ್ಪಟೆಯಾದ ಬ್ರೆಡ್ಡು. ಸಿಂಹಾಸನವೊಂದಿರಲಿಲ್ಲ ಅನ್ನುವುದು ಬಿಟ್ಟರೆ ಗತ್ತಿನಲ್ಲಿ ಯಾವ ಚಕ್ರವರ್ತಿಗೂ ಕಡಿಮೆಯಿರಲಿಲ್ಲ.

"ಈ ವಾರವೇ ಗ್ಯಾಸ್ ಒಲೆ ತರುತ್ತೇನೆ. ಮನುಷ್ಯ ಬೆಂಕಿ ಕಂಡುಹಿಡಿದದ್ದು ಯಾಕೆ? ಸುರುಳಿ ತಂತಿ ಯಾವಾಗ ಕೆಂಪಗಾಗುತ್ತೋ ಅಂತ ಕಾಯ್ತಾ ಕೂರೋದಕ್ಕಾ?"

"ನಿಧಾನ ರೀ, ಮೇಣ ಬ್ರೆಡ್ ಮೇಲೆ ಬೀಳ್ತಿದೆ" ಅಂದಳು ಹೆಂಡತಿ.

"ಬೀಳಲಿ ಬಿಡು. ಈ ಬ್ರೆಡ್ಡಿಗೆ ಇನ್ನೇನು ಆಗೋದು ಬಾಕಿಯಿದೆ?"

ಈ ಮಹಾಘೋಷಣೆಯಲ್ಲಿ ಒಂದು ಸಣ್ಣ ತೊಡಕಿತ್ತು. ನನಗೆ ಸಂಬಳ ಕೊಡುವುದೇ ಕರೆಂಟು! ನಾನು ವಿದ್ಯುತ್ ಕಚೇರಿಯ ದೂರು ವಿಭಾಗದ ನೌಕರ. ಕರೆಂಟು ಹೋಯಿತೆಂದು ಫೋನ್ ಮಾಡಿದವರಿಗೆಲ್ಲ "ತಾಂತ್ರಿಕ ದೋಷ, ಸರಿಪಡಿಸಲಾಗುತ್ತಿದೆ" ಅನ್ನಬೇಕು. ಯಾವಾಗ ಬರುತ್ತದೆ ಎಂದು ಕೇಳಿದರೆ "ಶೀಘ್ರದಲ್ಲೇ" ಅನ್ನಬೇಕು. ಇಷ್ಟೇ ನನ್ನ ಉದ್ಯೋಗ. ಈ ಎರಡು ಮಾತಿನ ಮೇಲೆ ನನ್ನ ಸಂಸಾರ ನಿಂತಿದೆ.

ಆ ಸಂಸಾರದಿಂದಲೂ ಆಗಾಗ ಫೋನ್ ಬರುವುದುಂಟು.

"ಹಲೋ, ದೂರು ವಿಭಾಗವಾ? ನನ್ನ ಬ್ರೆಡ್ಡು ಓವನ್ನಿನೊಳಗೆ ಅರ್ಧ ಬೆಂದು ಕೂತಿದೆ."

"ತಾಂತ್ರಿಕ ದೋಷ ಮೇಡಂ, ಸರಿಪಡಿಸಲಾ..."

"ರೀ, ನಾನು ಕಣ್ರೀ!"

"ಗೊತ್ತು ಕಣೇ, ಸಾಹೇಬರು ಪಕ್ಕದಲ್ಲೇ ಇದಾರೆ. ಶೀಘ್ರದಲ್ಲೇ ಮೇಡಂ, ಶೀಘ್ರದಲ್ಲೇ!"

ನನ್ನ ಹೆಂಡತಿಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ. ಬಂದವರನ್ನು ಕೂರಿಸುವುದು, ಹೆದರಿದವರಿಗೆ ನೀರು ಕೊಡುವುದು. ದಿನವಿಡೀ ಹಲ್ಲು ಕೊರೆಯುವ ಸದ್ದು ಕೇಳಿ ಕೇಳಿ ಅವಳಿಗೆ ಮನೆಯಲ್ಲಿ ಮಿಕ್ಸಿ ತಿರುಗಿದರೂ ಕೆನ್ನೆ ಜುಮ್ಮೆನ್ನುತ್ತದೆ. ಅವಳ ಕೈ ಇರುವುದು ಬ್ರೆಡ್ಡಿನಲ್ಲಿ. ಒಮ್ಮೆ ಕ್ಲಿನಿಕ್ಕಿಗೆ ಬಂದ ಕಾಫಿ ಅಂಗಡಿಯ ಒಡತಿ, ಅರ್ಧ ಬಾಯಿ ಜೋಮು ಹಿಡಿದಿದ್ದರೂ, ಉಳಿದರ್ಧದಲ್ಲಿ ಇವಳ ಡಬ್ಬಿಯ ಬ್ರೆಡ್ಡಿನ ರುಚಿ ನೋಡಿ ಕಣ್ಣರಳಿಸಿದ್ದರು. "ನಿಮ್ಮ ಮನೆಗೇ ಬರ್ತೀನಿ. ನನ್ನ ಕಣ್ಣೆದುರಿಗೆ ಮಾಡಿ. ಚೆನ್ನಾಗಿ ಬಂದ್ರೆ ಅಂಗಡಿಗೆ ದಿನಾ ನಿಮ್ಮದೇ ಬ್ರೆಡ್ಡು" ಅಂದಿದ್ದರು. ಬಂದರು. ಬ್ರೆಡ್ಡು ಓವನ್ನಿಗೆ ಹೋಯಿತು. ಅದರ ಹಿಂದೆಯೇ ಕರೆಂಟೂ ಹೋಯಿತು.

ನಾನು ಮೇಣದ ಬತ್ತಿ ಹಿಡಿದು ಘೋಷಣೆ ಮಾಡಿದ್ದು ಅವರು ಮೆಟ್ಟಿಲಿಳಿದು ಹೋದ ಮೇಲೆ. ಹೋಗುವಾಗ ಅವರು ಹೇಳಿದ್ದಿಷ್ಟೇ: "ಬರೋ ಶನಿವಾರ ಇನ್ನೊಂದು ಸಲ ನೋಡೋಣ. ಆಮೇಲೆ ನಾನು ಬೇರೆಯವರನ್ನ ಹುಡುಕ್ತೀನಿ, ಬೇಜಾರು ಮಾಡ್ಕೋಬೇಡಿ."

ಹೆಂಡತಿ ಬೇಜಾರು ಮಾಡಿಕೊಳ್ಳಲಿಲ್ಲ. ಸುಮ್ಮನೆ ಕೂತು ಓವನ್ನಿನ ಗಾಜು ಒರೆಸಿದಳು. ಅವಳು ಗಲಾಟೆ ಮಾಡಿದರೆ ನಾನು ತಡೆದುಕೊಳ್ಳಬಲ್ಲೆ. ಸುಮ್ಮನೆ ಗಾಜು ಒರೆಸಿದರೆ ಆಗುವುದಿಲ್ಲ. ಅದಕ್ಕೇ ಆ ಚಕ್ರವರ್ತಿ ಎದ್ದು ನಿಂತದ್ದು!

ಮರುದಿನ ಕಚೇರಿಯಲ್ಲಿ ವಿಷಯ ಹೇಳಿದ್ದೇ ತಡ, ಪಕ್ಕದ ಮೇಜಿನ ಫ್ಯೂಸಣ್ಣ ಕನ್ನಡಕ ತೆಗೆದರು. ಇಲಾಖೆಯಲ್ಲಿ ತಲೆ ನರೆಸಿಕೊಂಡ ಹಿರಿಯರು. ಸಿಟ್ಟು ಬಂದರೆ ತಟ್ಟನೆ ಮಾತು ನಿಲ್ಲಿಸಿಬಿಡುತ್ತಾರೆ, ಅದಕ್ಕೇ ಆ ಹೆಸರು.

"ಗ್ಯಾಸಾ? ಏನಯ್ಯಾ ನೀನು, ಸಂಬಳ ಈ ಮನೇದು, ಸಂಬಂಧ ಆ ಮನೇದಾ?"

"ಬ್ರೆಡ್ಡಿಗೋಸ್ಕರ ಅಣ್ಣ."

ಫ್ಯೂಸ್ ಹೋಯಿತು. ಮಧ್ಯಾಹ್ನದವರೆಗೂ ಮಾತಿಲ್ಲ.

ಒಲೆಯಂಗಡಿಯಲ್ಲಿ ಮಾತ್ರ ನನ್ನ ಪ್ರತಿಭೆ ಪೂರ್ತಿಯಾಗಿ ಅರಳಿತು. ನಾಲ್ಕು ಉರಿಗಳು, ಕೆಳಗೆ ಓವನ್ನು. ಅಂಗಡಿಯವರು ಎರಡು ಮಾದರಿ ತೋರಿಸಿ, "ಇದರ ಓವನ್ನಿಗೆ ಬಲ್ಬಿದೆ, ಅದಕ್ಕಿಲ್ಲ" ಅಂದರು.

ನಾನು ನಕ್ಕೆ. ಎಲ್ಲ ಬಲ್ಲವರು ನಗುವ ನಗು. "ಬೆಂಕಿಗೆ ಬಲ್ಬು ಯಾಕ್ರೀ? ಬೆಂಕಿಯೇ ಬೆಳಕು!"

ಅಂಗಡಿಯವರು ತಲೆದೂಗಿದರು. ಎಂಥ ಮಾತು ಹೇಳಿಬಿಟ್ಟೆನಲ್ಲಾ ಎಂದು ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕುತ್ತಾ ಮನೆಗೆ ಬಂದೆ.

ಇಲ್ಲಿ ನಿಮಗೆ ಪುಟ್ಟನ ಪರಿಚಯ ಮಾಡಿಕೊಡಬೇಕು. ಪುಟ್ಟ ಅಂದರೆ ಮಗುವಲ್ಲ, ಗಾಜಿನ ಜಾಡಿಯಲ್ಲಿರುವ ಹಿಟ್ಟು. ಹಿಟ್ಟಿಗೆ ನೀರು ಕಲಸಿಟ್ಟು, ದಿನಾ ಒಂದಿಷ್ಟು ಹೊಸ ಹಿಟ್ಟು ಉಣಿಸಿ ಉಣಿಸಿ, ತಾನೇ ತಾನಾಗಿ ಹುಳಿ ಬಂದು ಗುಳ್ಳೆಯೇಳುವ ಹುದುಗು. ಅದು ಬಿದ್ದರೆ ಬ್ರೆಡ್ಡು ಉಬ್ಬುತ್ತದೆ, ಬೀಳದಿದ್ದರೆ ಇಟ್ಟಿಗೆಯಾಗುತ್ತದೆ. ಮದುವೆಯಾದ ಹೊಸತರಲ್ಲಿ ಹೆಂಡತಿ ಶುರುಮಾಡಿದ್ದು. ಆದ್ದರಿಂದ ಪುಟ್ಟನಿಗೆ ನಮ್ಮ ದಾಂಪತ್ಯದಷ್ಟೇ ವಯಸ್ಸು. ಹುಳಿಯಲ್ಲೂ ಎರಡೂ ಹೆಚ್ಚುಕಡಿಮೆ ಸಮ.

ಪುಟ್ಟನಿಗೆ ಚಳಿ ಆಗದು. ಹಾಗಾಗಿ ಅವನ ವಾಸ ಹಳೆಯ ಕರೆಂಟ್ ಒಲೆಯ ಓವನ್ನಿನೊಳಗೆ. ಓವನ್ನು ಆರಿಸಿದ್ದರೂ ಒಳಗಿನ ಪುಟಾಣಿ ಬಲ್ಬು ಉರಿಯುತ್ತಿರುತ್ತದೆ. ಆ ಬಲ್ಬಿನ ನಸುಬಿಸಿಯೇ ಅವನ ಕಂಬಳಿ. ಬ್ರೆಡ್ಡು ಬೇಯಿಸುವಾಗ ಮಾತ್ರ ಅವನನ್ನು ಎತ್ತಿ ಮೇಜಿನ ಮೇಲಿಟ್ಟು, ಓವನ್ನು ಆರಿದ ಮೇಲೆ ಮತ್ತೆ ಒಳಗೆ ಮಲಗಿಸುತ್ತಾಳೆ. ನಾನು ಬಿಸ್ಕತ್ತು ಹುಡುಕುವ ನೆಪದಲ್ಲಿ ಪದೇಪದೇ ಬಾಗಿಲು ತೆಗೆದು ಚಳಿಗಾಳಿ ಬಿಡುತ್ತೇನೆಂದು ಅವಳು ಓವನ್ನಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದಳು: "ತೆಗೆಯಬೇಡಿ. ಮಲಗಿದೆ."

ಗುರುವಾರ ನಾನು ರಜೆ ಹಾಕಿದೆ. ಹೊಸ ಒಲೆ ಬರುವ ದಿನ. ಕ್ಲಿನಿಕ್ಕಿಗೆ ಹೊರಟ ಹೆಂಡತಿ ಬಾಗಿಲಲ್ಲಿ ತಿರುಗಿ ನಿಂತಳು.

"ಹಳೇ ಒಲೆ ಕಳಿಸೋಕೆ ಮುಂಚೆ ಒಳಗಿರೋದನ್ನ ಎತ್ತಿಡಿ. ಮರೀಬೇಡಿ."

"ನಾನೇನು ಎಳೇ ಮಗುವಾ?"

ಅವಳು ಉತ್ತರ ಕೊಡದೆ ಹೋದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ನಾನು ಎತ್ತಿಟ್ಟೆ. ಒಲೆಯ ಕೆಳಗಿನ ಡ್ರಾಯರಿನಲ್ಲಿದ್ದ ಬಾಣಲೆ, ತಟ್ಟೆ, ಒಂಟಿ ಮುಚ್ಚಳ, ಮದುವೆಯ ವರ್ಷ ಕಳೆದುಹೋಗಿದ್ದ ಸೌಟು, ಯಾಕೆ ಅಲ್ಲಿತ್ತೋ ತಿಳಿಯದ ನನ್ನದೇ ಒಂದು ಕಾಲುಚೀಲ, ಎಲ್ಲವನ್ನೂ ಸಾಲಾಗಿ ಜೋಡಿಸಿದೆ. ಆಮೇಲೆ ಓವನ್ನಿನ ಬಾಗಿಲಿಗೆ ಕೈ ಹಾಕಿದೆ. ಚೀಟಿ ಕಣ್ಣಿಗೆ ಬಿತ್ತು. "ತೆಗೆಯಬೇಡಿ." ಇಷ್ಟು ವರ್ಷ ಆ ಬಾಗಿಲು ತೆಗೆದದ್ದಕ್ಕೆ ಬೈಸಿಕೊಂಡ ಗಂಡ ನಾನು. ಕೈ ತಾನಾಗಿ ಹಿಂದೆ ಬಂತು. ಸಂಸಾರದಲ್ಲಿ ಮೊದಲ ಬಾರಿಗೆ ಹೇಳಿದ ಮಾತು ಕೇಳಿದೆ!

ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಸಾಗಿಸುವಾಗ ಬಾಗಿಲು ತೆರೆದುಕೊಂಡು ಯಾರ ಕಾಲಿಗಾದರೂ ಬಡಿದರೆ? ಕಂದುಬಣ್ಣದ ಟೇಪು ತಂದು, ಚೀಟಿಯೊಂದನ್ನು ಬಿಟ್ಟು ಗಾಜೆಲ್ಲ ಮುಚ್ಚುವಂತೆ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಸುತ್ತಿದೆ. ಹಳೇ ಸಾಮಾನಿನ ವ್ಯಾಪಾರಿ ಬಂದವನೇ "ಭಲೇ, ಹೀಗಿರ್ಬೇಕು ಜೋಪಾನ!" ಎಂದು ಹೊಗಳಿ, ಒಲೆಯನ್ನು ಗಾಡಿಗೆ ಹೇರಿಕೊಂಡು ಹೋದ. ನಾನು ಮಗಳನ್ನು ಗಂಡನ ಮನೆಗೆ ಕಳಿಸಿದ ಅಪ್ಪನ ಹಾಗೆ ಬಾಗಿಲಲ್ಲಿ ನಿಂತು ಕೈಬೀಸಿದೆ.

ಗ್ಯಾಸ್ ಮೇಸ್ತ್ರಿ ಬಂದ. ಕೊಳವೆ ಜೋಡಿಸಿದ, ಕೀಲುಗಳಿಗೆಲ್ಲ ಸೋಪಿನ ನೊರೆ ಬಳಿದು ಎಲ್ಲೂ ಗ್ಯಾಸ್ ಸೋರಿ ಗುಳ್ಳೆಯೇಳುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡ.

"ಓವನ್ನಿಗೆ ಬಲ್ಬಿಲ್ವಾ ಸಾರ್?"

"ಬೆಂಕಿಗೆ ಬಲ್ಬು ಯಾಕ್ರೀ? ಬೆಂಕಿಯೇ ಬೆಳಕು!" ಎರಡನೆಯ ಸಲ ಹೇಳುವಾಗ ಮಾತು ಇನ್ನೂ ಚೆನ್ನಾಗಿ ಬಂತು.

ಸಂಜೆ ಹೆಂಡತಿ ಬರುವ ಹೊತ್ತಿಗೆ ನಾಲ್ಕೂ ಉರಿ ಹೊತ್ತಿಸಿ ಸಿದ್ಧನಾಗಿದ್ದೆ. ನೀಲಿ ಹೂವರಳಿದಂತೆ ಉರಿ! ಅವಳು ಕೈಚೀಲವನ್ನೂ ಇಳಿಸದೆ ನೋಡಿದಳು. ಮುಖ ಅರಳಿತು. ಒಲೆಯ ನಾಬೊಂದನ್ನು ತಿರುಗಿಸಿ ಉರಿ ಸಣ್ಣ ಮಾಡಿದಳು, ದೊಡ್ಡ ಮಾಡಿದಳು, ಮತ್ತೆ ಸಣ್ಣ ಮಾಡಿದಳು.

"ಚೆನ್ನಾಗಿದೆ ರೀ. ನಿಜವಾಗ್ಲೂ ಚೆನ್ನಾಗಿದೆ."

ನಾನು ಎದೆಯುಬ್ಬಿಸಿದೆ.

"ಪುಟ್ಟನ್ನ ಎಲ್ಲಿಟ್ರಿ?"

ಎದೆ ಇಳಿಯಿತು.

"ಯಾವ... ಪುಟ್ಟ?"

"ಯಾವ ಪುಟ್ಟ ಅಂದ್ರೆ? ಒಳಗಿರೋದನ್ನ ಎತ್ತಿಡಿ ಅಂದಿದ್ನಲ್ಲ!"

"ನೀನೇ ಬರೆದಿದ್ದೆಯಲ್ಲೇ, ತೆಗೆಯಬೇಡಿ ಅಂತ!"

ಹೆಂಡತಿ ಗ್ಯಾಸ್ ಆರಿಸಿದಳು. ಕುರ್ಚಿ ಎಳೆದು ಕೂತಳು. "ನಾಡಿದ್ದು ಶನಿವಾರ" ಅಂದಳು. "ಹೊಸದಾಗಿ ಕಲಸಿಟ್ರೆ ಅದಕ್ಕೆ ಬ್ರೆಡ್ಡು ಎತ್ತೋ ಕಸುವು ಬರೋಕೆ ವಾರಗಟ್ಟಲೆ ಬೇಕು." ಅಷ್ಟೇ. ಆಮೇಲೆ ಬಟ್ಟೆ ತಗೊಂಡು ಹೊಸ ಓವನ್ನಿನ ಗಾಜು ಒರೆಸತೊಡಗಿದಳು. ಅದರಲ್ಲಿ ಒಂದು ಕಲೆಯೂ ಇರಲಿಲ್ಲ.

ನಾನು ಚಪ್ಪಲಿಯಲ್ಲೇ ಸ್ಕೂಟರ್ ಹತ್ತಿದೆ.

ಹಳೇ ಸಾಮಾನಿನ ವ್ಯಾಪಾರಿ ಅಂಗಡಿ ಮುಚ್ಚುತ್ತಿದ್ದ. "ಒಲೆ ಎಲ್ಲಿ? ಅದರೊಳಗೆ ನಮ್ಮ ಪುಟ್ಟ ಇದಾನೆ!" ಎಂದು ಕೂಗಿದೆ. ಅವನ ಕೈಯಲ್ಲಿದ್ದ ಬೀಗ ಕೆಳಗೆ ಬಿತ್ತು. ಬಿಳಿಚಿದ ಮುಖದಲ್ಲಿ "ಅಯ್ಯೋ, ನಾನು ತೂಕ ಇದೆ ಅಂದ್ಕೊಂಡೆ ಅಷ್ಟೇ!" ಅಂದ. ಪುಟ್ಟ ಎಂದರೆ ಹಿಟ್ಟು ಎಂದು ತಿಳಿಸಿ ಹೇಳಿದ ಮೇಲೆ ಉಸಿರು ಬಿಟ್ಟು, ಆ ಉಸಿರಿನಲ್ಲೇ ನನ್ನನ್ನು ಚೆನ್ನಾಗಿ ಬೈದು, ಒಲೆಯನ್ನು ಸೇತುವೆಯಾಚೆಯ ಸೈಕಲ್ ಪೇಂಟರಿಗೆ ಮಾರಿದೆ ಅಂದ.

"ಪೇಂಟರಿಗೆ ಒಲೆ ಯಾಕೆ?"

"ಬಣ್ಣ ಬಳಿದ ಬಿಡಿಭಾಗಗಳನ್ನ ಒಳಗಿಟ್ಟು ಕಾಯಿಸ್ತಾರೆ. ಬಣ್ಣ ಗಟ್ಟಿ ಕೂರುತ್ತೆ. ಚೆನ್ನಾಗಿ ಕಾಯ್ಬೇಕು, ಹದ ಹಾಗಿರುತ್ತೆ."

ಚೆನ್ನಾಗಿ ಕಾಯಬೇಕು! ನನ್ನ ಸ್ಕೂಟರು ಆ ವಯಸ್ಸಿಗೆ ಓಡಬಾರದಷ್ಟು ವೇಗದಲ್ಲಿ ಓಡಿತು.

ಸೇತುವೆ ದಾಟಿದರೆ ಬೀದಿಗೆ ಬೀದಿಯೇ ಕತ್ತಲು. ಕರೆಂಟು ಹೋಗಿದೆ. ಪೇಂಟರ ಶೆಡ್ಡಿನಲ್ಲಿ ಒಂದು ಮೇಣದ ಬತ್ತಿ. ಸೂರಿನಿಂದ ಚಕ್ರವಿಲ್ಲದ ಸೈಕಲ್ಲುಗಳು ನೇತಾಡುತ್ತಿದ್ದವು. ನಡುವೆ, ಟೇಪು ಸುತ್ತಿಕೊಂಡು, ನಮ್ಮ ಒಲೆ. ಮಾರು ದೂರದಲ್ಲಿ, ಕೈಯಲ್ಲಿ ಸ್ಪ್ಯಾನರು ಹಿಡಿದು, ಪೇಂಟರು.

"ಹತ್ರ ಹೋಗ್ಬೇಡಿ!" ಅಂದರು ಅವರು. "ಒಳಗೆ ಏನೋ ಇದೆ. ಕಿವಿಯಿಟ್ಟು ಕೇಳ್ದೆ. ಬುಳುಕ್ ಬುಳುಕ್ ಅಂತ ಉಸಿರಾಡ್ತಿದೆ."

"ಬಾಗಿಲು ತೆಗೆದು ನೋಡಬಾರದಾಗಿತ್ತಾ?"

"ತೆಗೆಯಬೇಡಿ, ಮಲಗಿದೆ ಅಂತ ಬರೆದಿದೆಯಲ್ರೀ! ಅದರ ಮೇಲೆ ಅಷ್ಟು ಟೇಪು ಬೇರೆ. ತಲೆ ನೆಟ್ಟಗಿರೋರು ಯಾರಾದ್ರೂ ಸುಮ್ನೆ ಅಷ್ಟು ಟೇಪು ಸುತ್ತುತಾರಾ?"

ನಾನು ತೋಳಿಗೆ ಅಂಟಿದ್ದ ಟೇಪಿನ ಚೂರೊಂದನ್ನು ಮೆಲ್ಲಗೆ ಕಿತ್ತು ಜೇಬಿಗಿಟ್ಟೆ.

"ಅದಕ್ಕೇ ಪೂರ್ತಿ ಬಿಸಿಗೆ ತಿರುಗಿಸಿ ದೂರ ಬಂದು ನಿಂತೆ. ಹಾವೋ ಹೆಗ್ಗಣವೋ, ಏನಿದ್ರೂ ಅಲ್ಲೇ ಒಂದು ಗತಿ ಕಾಣ್ಲಿ ಅಂತ. ತಿರುಗಿಸಿದ್ದೇ ತಡ, ಹಾಳಾದ್ದು ಕರೆಂಟು ಹೋಯ್ತು!"

ಒಲೆಯ ನಾಬ್ ನೋಡಿದೆ. ಪೂರ್ತಿ ತಿರುಗಿತ್ತು. ಅಂದರೆ ಕರೆಂಟು ಬಂದ ಕ್ಷಣ ಪುಟ್ಟನ ಕಥೆ ಮುಗಿಯಿತು! ನಾನು ಮುಂದಕ್ಕೆ ನುಗ್ಗಿದೆ. ಪೇಂಟರು ನನ್ನ ಕೊರಳಿಗೇ ಕೈ ಹಾಕಿದರು. ಬೆಳಿಗ್ಗೆ ರಜೆಯಿದ್ದರೂ ಅಭ್ಯಾಸಬಲದಿಂದ ತೊಟ್ಟುಕೊಂಡಿದ್ದ ಕಚೇರಿಯ ಗುರುತಿನ ಚೀಟಿ ಅಲ್ಲಿ ನೇತಾಡುತ್ತಿತ್ತು. ಮೇಣದ ಬತ್ತಿ ಹತ್ತಿರ ತಂದು ಓದಿದರು. ಮುಖ ಬದಲಾಯಿತು.

"ಓಹೋಹೋ! ಆ ಕಚೇರಿಯವರಾ? ಆಗ್ಲಿಂದ ಫೋನ್ ಮಾಡ್ತಾನೇ ಇದೀನಿ. ಈಗ ಎದುರಿಗೇ ಸಿಕ್ಕಿದೀರಿ. ಕರೆಂಟು ಯಾವಾಗ ಬರುತ್ತೆ ಹೇಳಿ, ಆಮೇಲೆ ಬಿಡ್ತೀನಿ."

"ಶೀಘ್ರದಲ್ಲೇ!" ಅಂದುಬಿಟ್ಟೆ. ಬಾಯಿಯ ಅಭ್ಯಾಸ. ಅಂದ ಮೇಲಷ್ಟೇ ಅದರ ಅರ್ಥ ಹೊಳೆಯಿತು.

"ಶೀಘ್ರ ಅಂದ್ರೆ?"

ನನ್ನ ಉದ್ಯೋಗದಲ್ಲಿ ಯಾವತ್ತೂ ಆಡದ ಮಾತೊಂದು ಬಾಯಿಂದ ಬಂತು. "ಗೊತ್ತಿಲ್ಲ ಸ್ವಾಮಿ. ಯಾರಿಗೂ ಗೊತ್ತಿರಲ್ಲ. ಸುಮ್ನೆ ಹಾಗಂತೀವಿ. ಆದ್ರೆ ಈಗ ಬಂದ್ರೆ ನನ್ನ ಹೆಂಡ್ತಿಯ ಬ್ರೆಡ್ಡಿನ ಅಂಗಡಿ ತೆರೆಯೋ ಮೊದ್ಲೇ ಮುಚ್ಚಿಹೋಗುತ್ತೆ!"

ಆ ಕಚೇರಿಯಿಂದ ಒಂದು ನಿಜ ಹೊರಬಿದ್ದದ್ದು ಕೇಳಿ ಪೇಂಟರಿಗೆ ಎಷ್ಟು ಆಶ್ಚರ್ಯವಾಯಿತೆಂದರೆ ಹಿಡಿದ ಕೈ ತಾನಾಗಿ ಸಡಿಲವಾಯಿತು. ನಾನು ಒಲೆಯ ಹಿಂದೆ ತೂರಿ ಪ್ಲಗ್ಗು ಕಿತ್ತೆ. ಬೆಳಿಗ್ಗೆ ನಾನೇ ಸುತ್ತಿದ ಟೇಪನ್ನು ಉಗುರಿನಿಂದ, ಹಲ್ಲಿನಿಂದ, ಕೊನೆಗೆ ಅವರ ಸ್ಪ್ಯಾನರಿನಿಂದ ಹರಿದೆ. ಎಂಥ ಗಟ್ಟಿ ಕೆಲಸ ಮಾಡಿದ್ದೆ! ಒಳಗೆ, ಮೂಲೆಯಲ್ಲಿ, ಬಟ್ಟೆ ಹೊದ್ದು ಪುಟ್ಟ ಕೂತಿದ್ದ. ಬುಳುಕ್ ಅಂದ.

"ಇಷ್ಟೇನಾ?" ಅಂದರು ಪೇಂಟರು, ಸ್ವಲ್ಪ ನಿರಾಸೆಯಿಂದ.

ಕರೆಂಟು ಬಂದದ್ದು ನಾನು ಮನೆ ಸೇರಿದ ಮೇಲೆ. ನನ್ನ ಇಲಾಖೆಯ ಮೇಲೆ ಅವತ್ತು ಹುಟ್ಟಿದಷ್ಟು ಅಭಿಮಾನ ನನಗೆ ಸಂಬಳದ ದಿನವೂ ಹುಟ್ಟಿದ್ದಿಲ್ಲ.

ಆದರೆ ದಾರಿಯ ಚಳಿಗಾಳಿಗೆ ಪುಟ್ಟ ಕುಗ್ಗಿಹೋಗಿದ್ದ. ಹೆಂಡತಿ ಜಾಡಿಯನ್ನು ದೀಪಕ್ಕೆ ಹಿಡಿದು ನೋಡಿದಳು, ಮೂಸಿದಳು. "ಜೀವ ಇದೆ. ಶನಿವಾರದವರೆಗೂ ಬೆಚ್ಚಗಿದ್ರೆ ಎದ್ದೇಳ್ತಾನೆ. ಓವನ್ ಬಲ್ಬು ಹಾಕಿ ರೀ."

ನಾನು ಕಿಟಕಿಯ ಕಡೆ ನೋಡಿದೆ.

"ರೀ, ಬಲ್ಬಿನ ಸ್ವಿಚ್ ಎಲ್ಲಿ?"

"ಅದೂ... ಬೆಂಕಿಗೆ..." ಅಂಗಡಿಯಲ್ಲಿ ಅಷ್ಟು ಚೆನ್ನಾಗಿದ್ದ ಮಾತು ಮನೆಯಲ್ಲಿ ಅರ್ಧಕ್ಕೇ ನಿಂತಿತು.

ಅವಳಿಗೆ ಪೂರ್ತಿ ಅರ್ಥವಾಯಿತು. ಗ್ಯಾಸನ್ನು ಅತಿ ಸಣ್ಣಗೆ ಹಚ್ಚಿ ನೋಡಿದಳು, ಓವನ್ನು ಸುಡುತ್ತಿತ್ತು. ಉರಿಯ ಪಕ್ಕದಲ್ಲಿಟ್ಟಳು, ಜಾಡಿಯ ಒಂದು ಮಗ್ಗುಲು ಬೆಂದು ಇನ್ನೊಂದು ಮಗ್ಗುಲು ತಣ್ಣಗಿತ್ತು. ಕೊನೆಗೆ ಜಾಡಿಯ ಮೇಲೊಂದು ಕೈಯಿಟ್ಟಳು. ಇನ್ನೊಂದು ಕೈಯನ್ನು, ಯೋಚಿಸುತ್ತಾ, ನನ್ನ ಹೊಟ್ಟೆಯ ಮೇಲಿಟ್ಟಳು.

"ಬನ್ನಿ ಇಲ್ಲಿ" ಅಂದಳು. "ಶರ್ಟು ಎತ್ತಿ."

ಟವೆಲಿನಲ್ಲಿ ಪುಟ್ಟನನ್ನು ನನ್ನ ಹೊಟ್ಟೆಗೆ ಬಿಗಿದು ಕಟ್ಟಿದಳು. ಅಂಗಾತ ಮಲಗಬೇಕು, ಮಗ್ಗುಲು ಬದಲಿಸಬಾರದು, ಗೊರಕೆ ಹೊಡೆದರೂ ಜಾಡಿ ಅಲುಗಬಾರದು. ಚಕ್ರವರ್ತಿ ತುಟಿಪಿಟಕ್ಕೆನ್ನದೆ ಒಪ್ಪಿಕೊಂಡ.

ಶುಕ್ರವಾರ ರಜೆಯಿರಲಿಲ್ಲ. ಸ್ವೆಟರಿನೊಳಗೆ ಪುಟ್ಟನನ್ನು ಕಟ್ಟಿಕೊಂಡೇ ಕಚೇರಿಗೆ ಹೋದೆ. ಫ್ಯೂಸಣ್ಣ ಮೇಲಿಂದ ಕೆಳಗೆ ನೋಡಿದರು.

"ಏನಯ್ಯಾ, ಗ್ಯಾಸ್ ಒಲೆ ಬಂದು ಒಂದು ದಿನಕ್ಕೇ ಹೊಟ್ಟೆ ಬಂತಾ?"

ಮಧ್ಯಾಹ್ನದ ಹೊತ್ತಿಗೆ ನನ್ನ ಬಿಸಿ ತಟ್ಟಿ ಪುಟ್ಟ ಕಣ್ಣುಬಿಟ್ಟ. ಮೊದಲು ಸಣ್ಣಗೆ ಗುಳುಗುಳು. ಆಮೇಲೆ ದೊಡ್ಡದಾಗಿ. ಸಾಹೇಬರು ನನ್ನ ಮೇಜಿನ ಬಳಿ ನಿಂತರು.

"ಏನ್ರೀ ಅದು ಸದ್ದು?"

"ತಾಂತ್ರಿಕ ದೋಷ ಸಾರ್. ಸರಿಪಡಿಸಲಾಗುತ್ತಿದೆ."

ಸಾಹೇಬರು ನನ್ನ ಹೊಟ್ಟೆಯನ್ನು ಕನಿಕರದಿಂದ ನೋಡಿ, "ಹೊತ್ತಿಗೆ ಸರಿಯಾಗಿ ಊಟ ಮಾಡ್ರೀ" ಎಂದು ಮುಂದೆ ಹೋದರು. ಅವರು ಹೋದದ್ದೇ ಒಳ್ಳೆಯದಾಯಿತು. ಯಾಕೆಂದರೆ ಮರುಗಳಿಗೆಯಲ್ಲೇ ಪುಟ್ಟ ಜಾಡಿಯ ಮುಚ್ಚಳ ತಳ್ಳಿಕೊಂಡು, ಸ್ವೆಟರಿನ ಕೆಳಗಿನಿಂದ ಬೆಳ್ಳಗೆ ಇಣುಕಿದ.

"ಅಯ್ಯಯ್ಯೋ!" ಫ್ಯೂಸಣ್ಣ ಎದ್ದೇ ನಿಂತರು. "ಇವನು ಒಳಗಿಂದ ಉಕ್ತಾ ಇದಾನಲ್ರೋ!"

ಎಲ್ಲವನ್ನೂ ಹೇಳಲೇಬೇಕಾಯಿತು. ಚೀಟಿ, ಟೇಪು, ಪೇಂಟರು, ಇಲ್ಲದ ಬಲ್ಬು. ಫ್ಯೂಸಣ್ಣನಿಗೆ ಮತ್ತೆ ಮಾತು ನಿಂತಿತು. ಸಿಟ್ಟಿನಿಂದಲ್ಲ, ನಕ್ಕು ನಕ್ಕು ಉಸಿರು ಸಿಕ್ಕದೆ. ಆಮೇಲೆ ಕಣ್ಣೊರೆಸಿಕೊಂಡು, ತಮ್ಮ ಕೊರಳ ಮಫ್ಲರು ಬಿಚ್ಚಿ ನನ್ನ ಹೊಟ್ಟೆಗೆ ಸುತ್ತಿದರು. "ಮುಚ್ಚಿಕೊಳ್ಳಯ್ಯಾ. ಕಿಟಕಿ ಗಾಳಿ ತಗುಲೀತು ಪಾಪುಗೆ."

ನಾನು ಹೆಂಡತಿಗೆ ಫೋನ್ ಮಾಡಿದೆ. "ಎದ್ದ ಕಣೇ! ಉಕ್ಕಿಬಿಟ್ಟ!" ಆ ಕಡೆಯಿಂದ ಹಲ್ಲು ಕೊರೆಯುವ ಸದ್ದು, ಅದರ ನಡುವೆ ಅವಳ ನಗು. ಆ ವಾರದಲ್ಲಿ ಮೊದಲ ಸಲ.

ಶನಿವಾರ ಕಾಫಿ ಅಂಗಡಿಯ ಒಡತಿ ಬಂದು ಅಡುಗೆಮನೆಯ ಕುರ್ಚಿಯಲ್ಲಿ ಕೂತರು. ಬ್ರೆಡ್ಡುಗಳು ಹೊಸ ಓವನ್ನಿಗೆ ಹೋದವು. ಸ್ವಲ್ಪ ಹೊತ್ತಿಗೆ, ಹೇಳಿ ಕಳಿಸಿದ ಹಾಗೆ, ಕರೆಂಟು ಹೋಯಿತು! ಮೂವರೂ ಓವನ್ನಿನ ಕಡೆ ತಿರುಗಿದೆವು. ಒಳಗೆ ನೀಲಿ ಉರಿ ತನಗೇನೂ ಸಂಬಂಧವಿಲ್ಲದಂತೆ ಉರಿಯುತ್ತಿತ್ತು. ನಾನು ಏನೋ ಭಾರಿ ಮಾತು ಹೇಳಲು ಬಾಯಿ ತೆರೆದೆ. ಹೆಂಡತಿ ನನ್ನ ಕಡೆ ನೋಡಿದಳು. ಮುಚ್ಚಿದೆ.

ಬ್ರೆಡ್ಡು ಹೊರಬಂತು. ದುಂಡಗೆ, ಹೊಂಬಣ್ಣಕ್ಕೆ ತಿರುಗಿ, ಚೆನ್ನಾಗಿ ಉಬ್ಬಿಕೊಂಡು. ಒಡತಿ ತಿರುಗಿಸಿ ಬುಡಕ್ಕೆ ತಟ್ಟಿದರು, ಟೊಳ್ಳಗೆ ಸದ್ದು ಬಂತು. ಮುರಿದರು, ಮೂಸಿದರು, ಈ ಸಲ ಪೂರ್ತಿ ಬಾಯಿಯಿಂದ ತಿಂದರು. ಎರಡನೆಯ ತುಂಡಿಗೆ ಕೈ ಹೋಯಿತು.

"ಸೋಮವಾರದಿಂದ ಶುರು ಮಾಡ್ತೀರಾ?"

ಹೆಂಡತಿ ತಲೆಯಾಡಿಸಿದಳು. ಮಾತಾಡಿದ್ದರೆ ಅತ್ತುಬಿಡುತ್ತಿದ್ದಳು. ನಾನಂತೂ ಆಗಲೇ ಮೂಗು ಒರೆಸುತ್ತಿದ್ದೆ.

"ಒಂದೇ ಅನುಮಾನ" ಅಂದರು ಒಡತಿ, ಬ್ರೆಡ್ಡಿನ ಚೂರು ಕೊಡವಿಕೊಳ್ಳುತ್ತಾ. "ಈ ಚಳೀಲಿ ಹುದುಗನ್ನ ಎಲ್ಲಿ ಬೆಚ್ಚಗಿಡ್ತೀರಿ? ನಿಮ್ಮ ಓವನ್ನಿಗೆ ಬಲ್ಬೇ ಇಲ್ವಲ್ಲ."

ಹೆಂಡತಿ ನನ್ನ ಸ್ವೆಟರು ಮೇಲೆತ್ತಿದಳು. ಮಫ್ಲರಿನೊಳಗಿಂದ ಪುಟ್ಟ ಬುಳುಕ್ ಅಂದ.

ಒಡತಿ ಬಗ್ಗಿ ನೋಡಿದರು. ವ್ಯಾಪಾರಸ್ಥರು, ಎಲ್ಲವನ್ನೂ ವಿಚಾರಿಸಿಯೇ ಮುಂದುವರಿಯುವವರು. "ಸರಿ, ಆದ್ರೆ ನಿಮ್ಮ ಕಡೆ ಹೀಗೆ ಕರೆಂಟು ಹೋಗ್ತಾನೇ ಇರುತ್ತೆ. ಇದು ನಂಬೋ ಹಾಗಿದೆಯಾ?"

"ಈ ಬಲ್ಬಿಗೆ ಕರೆಂಟು ಬೇಡಮ್ಮ" ಅಂದಳು ನನ್ನ ಹೆಂಡತಿ, ಸ್ವೆಟರನ್ನು ಕೆಳಗೆಳೆದು ನನ್ನ ಹೊಟ್ಟೆಯನ್ನು ಮೆಲ್ಲಗೆ ತಟ್ಟುತ್ತಾ. "ಹೊತ್ತಿಗೆ ಸರಿಯಾಗಿ ಊಟ ಹಾಕಿ, ಯಾವುದನ್ನೂ ಮುಟ್ಟದ ಹಾಗೆ ನೋಡ್ಕೊಂಡ್ರೆ ಸಾಕು."